ಕಂಟೈನರ್ ಬಂದು ಹತ್ತು ವರ್ಷ ದಾಟಿತು, ವರ್ಚುವಲ್ ಮಷೀನ್ ಯಾಕೆ ಇನ್ನೂ ಹೋಗಿಲ್ಲ?

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ದೊಡ್ಡ ತಂತ್ರಜ್ಞಾನ ಕೇಂದ್ರ ಇಟ್ಟುಕೊಂಡಿರುವ ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ, 2025ರಲ್ಲಿ ಬ್ರಾಡ್‌ಕಾಮ್ ಮೇಲೆ ದಾವೆ ಹೂಡಿತು. ಕೇಳಿದ ಪರಿಹಾರ ಕನಿಷ್ಠ 10 ಕೋಟಿ ಪೌಂಡ್. ಜಗಳ ಬ್ರಾಡ್‌ಕಾಮ್ ಕೊಂಡುಕೊಂಡ ವಿಎಂವೇರ್ ಎಂಬ ಸಾಫ್ಟ್‌ವೇರ್ ಬಗ್ಗೆ. ಅಂಗಡಿಗಳ ಬಿಲ್ಲಿಂಗ್ ಕೌಂಟರ್‌ವರೆಗೆ ಹಬ್ಬಿದ ಸುಮಾರು 40,000 ಸರ್ವರ್ ಕೆಲಸಗಳು ಇದರ ಮೇಲೆ ನಡೆಯುತ್ತವೆ ಎಂದು ಟೆಸ್ಕೊ ಹೇಳಿಕೊಂಡಿತು.

ಇಲ್ಲೇ ಗೊಂದಲ ಶುರುವಾಗುವುದು. ವಿಎಂವೇರ್ ಅಂದರೆ ವರ್ಚುವಲೈಸೇಶನ್, ಒಂದು ಕಂಪ್ಯೂಟರನ್ನು ಹಲವು ವರ್ಚುವಲ್ ಮಷೀನ್‌ಗಳಾಗಿ ಬಳಸುವ ಹಳೇ ವಿದ್ಯೆ. ಅದಾದ ಮೇಲೆ ಬಾಡಿಗೆ ಕಂಪ್ಯೂಟರ್ ಕೊಡುವ ಕ್ಲೌಡ್ ಬಂತು, ಪ್ರೋಗ್ರಾಮನ್ನು ಕಂಟೈನರ್ ಎಂಬ ಬುತ್ತಿಯಾಗಿ ಕಟ್ಟುವ ಡಾಕರ್ ಬಂತು, ಆ ಕಂಟೈನರ್‌ಗಳನ್ನು ನೋಡಿಕೊಳ್ಳುವ ಕುಬರ್ನೆಟಿಸ್ ಬಂತು. ಹಳೆಯದು ಮೂಲೆ ಸೇರಿತು ಎಂದೇ ಬಹಳ ಜನ ಅಂದುಕೊಂಡಿದ್ದರು. ಹಾಗಿದ್ದರೆ ಅದರ ಬೆಲೆ ಏರಿದಾಗ ಇಷ್ಟು ದೊಡ್ಡ ಕಂಪನಿ ಕೋರ್ಟ್ ಮೆಟ್ಟಿಲು ಯಾಕೆ ಹತ್ತಬೇಕು? ಬೇಡ ಅಂದರೆ ಬಿಟ್ಟುಬಿಡಬಹುದಿತ್ತು ಅಲ್ವಾ?

ಬಿಡಲು ಆಗುವುದಿಲ್ಲ. ಯಾಕೆ ಅಂದರೆ ವರ್ಚುವಲ್ ಮಷೀನ್, ಕಂಟೈನರ್, ಕ್ಲೌಡ್ ಒಂದೇ ಏಣಿಯ ಮೂರು ಮೆಟ್ಟಿಲುಗಳಲ್ಲ. ಅವು ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ. ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಗೋಡೆ ಎಲ್ಲಿ ಎಬ್ಬಿಸಬೇಕು? ಇದಕ್ಕೆ ಉತ್ತರ ವರ್ಚುವಲ್ ಮಷೀನ್. ಪ್ರೋಗ್ರಾಮನ್ನು ಹೇಗೆ ಕಟ್ಟಿ ಸಾಗಿಸಬೇಕು? ಕಂಟೈನರ್. ಯಂತ್ರ ಯಾರದ್ದು, ದುಡ್ಡು ಹೇಗೆ ಕಟ್ಟಬೇಕು? ಕ್ಲೌಡ್. ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹಳತು, ಹೊಸತು ಎಂದು ಎಣಿಸಿದ್ದೇ ಎಡವಟ್ಟು.

ಬ್ರಾಡ್‌ಕಾಮ್ ಮಾಡಿದ್ದೇನು

ಬ್ರಾಡ್‌ಕಾಮ್ ಮೂಲತಃ ಚಿಪ್ ಕಂಪನಿ. ವಿಎಂವೇರ್ ಕೊಳ್ಳುವುದಾಗಿ 2022ರ ಮೇ ತಿಂಗಳಲ್ಲಿ ಹೇಳಿತು. ಆಗ ಹೇಳಿದ ಬೆಲೆ 6,100 ಕೋಟಿ ಡಾಲರ್. ನಾನಾ ದೇಶಗಳ ಒಪ್ಪಿಗೆ ಸಿಕ್ಕಿ ವ್ಯವಹಾರ ಮುಗಿದದ್ದು 2023ರ ನವೆಂಬರ್‌ನಲ್ಲಿ. ಮರು ತಿಂಗಳೇ ದೊಡ್ಡ ಬದಲಾವಣೆ ಬಂತು. ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟ ನಿಂತಿತು. ಇನ್ನು ಮುಂದೆ ಎಲ್ಲವೂ ಚಂದಾ. ಬಿಡಿಬಿಡಿಯಾಗಿ ಮಾರುತ್ತಿದ್ದ ಸಾವಿರಾರು ಬಗೆಯ ಸರಕನ್ನು ಕೆಲವೇ ಪ್ಯಾಕೇಜ್‌ಗಳಿಗೆ ಇಳಿಸಿದರು.

ಹಳೇ ಲೈಸೆನ್ಸ್ ಇದ್ದವರು ಸಾಫ್ಟ್‌ವೇರ್ ಬಳಸುತ್ತಾ ಇರಬಹುದು, ಅದನ್ನು ಯಾರೂ ತಡೆಯಲಿಲ್ಲ. ಆದರೆ ಅದಕ್ಕೆ ಸಪೋರ್ಟ್ ಬೇಕಿದ್ದರೆ ಚಂದಾಗೆ ಬನ್ನಿ ಎಂದರು. ಸಪೋರ್ಟ್ ಇಲ್ಲದೆ ಸಾವಿರಾರು ಸರ್ವರ್ ನಡೆಸುವ ಧೈರ್ಯ ಯಾವ ಬ್ಯಾಂಕಿಗೂ, ಟೆಲಿಕಾಂ ಕಂಪನಿಗೂ ಇರುವುದಿಲ್ಲ. ಟೆಸ್ಕೊ ತಕರಾರು ಇದೇ. ನಾವು 2021ರಲ್ಲಿ ಶಾಶ್ವತ ಲೈಸೆನ್ಸ್ ಕೊಂಡೆವು, ಸಪೋರ್ಟ್ ಮುಂದುವರಿಸುವ ಹಕ್ಕೂ ಒಪ್ಪಂದದಲ್ಲೇ ಇತ್ತು, ಈಗ ಅದನ್ನು ಕಿತ್ತುಕೊಳ್ಳುತ್ತಿದ್ದಾರೆ ಎನ್ನುವುದು ಅದರ ಆರೋಪ.

ಇದಕ್ಕೂ ಮೊದಲು, 2024ರಲ್ಲಿ, ಅಮೆರಿಕದ ಟೆಲಿಕಾಂ ಕಂಪನಿ ಎಟಿ ಅಂಡ್ ಟಿ ಇಂಥದ್ದೇ ಕೇಸು ಹಾಕಿತ್ತು. ಅದರ ಬಳಿ ಸುಮಾರು 8,600 ಸರ್ವರ್‌ಗಳ ಮೇಲೆ 75,000 ವರ್ಚುವಲ್ ಮಷೀನ್‌ಗಳಿದ್ದವು. ಹೊಸ ದರದಲ್ಲಿ ವರ್ಷದ ಖರ್ಚು ಶೇ 1,050ರಷ್ಟು ಏರುತ್ತದೆ ಎಂದು ಕಂಪನಿಯ ಅಧಿಕಾರಿ ಬರೆದಿದ್ದ ಪತ್ರವೂ ಕೋರ್ಟಿಗೆ ಬಂತು. ಕೆಲವೇ ತಿಂಗಳಲ್ಲಿ ಇಬ್ಬರೂ ರಾಜಿಯಾದರು. ಎಷ್ಟಕ್ಕೆ ಕುದುರಿತು ಎನ್ನುವುದು ಹೊರಗೆ ಬರಲಿಲ್ಲ.

ಒಂದೇ ಯಂತ್ರ, ಹತ್ತು ವೇಷ

ಒಂದು ಕಂಪ್ಯೂಟರನ್ನು ಹಲವು ಕಂಪ್ಯೂಟರ್‌ಗಳಂತೆ ತೋರಿಸುವ ಉಪಾಯ ವಿಎಂವೇರ್‌ಗಿಂತ ತುಂಬಾ ಹಳೆಯದು. ಐಬಿಎಂ 1960ರ ದಶಕದಲ್ಲೇ ತನ್ನ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳಲ್ಲಿ ಇದನ್ನು ಮಾಡಿತ್ತು. 1972ರಲ್ಲಿ ವಿಎಂ/370 ಎಂಬ ಹೆಸರಲ್ಲಿ ಮಾರಾಟಕ್ಕೂ ಇಟ್ಟಿತು. ಆಗ ಯಂತ್ರ ಬಲು ದುಬಾರಿ. ಹಂಚಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ನಂತರ ಇಂಟೆಲ್ ಚಿಪ್ ಇರುವ ಅಗ್ಗದ ಸರ್ವರ್‌ಗಳು ಬಂದವು. ಅಗ್ಗ ಅಂದ ಮೇಲೆ ಹಂಚಿಕೊಳ್ಳುವ ಗೊಡವೆ ಯಾರಿಗೆ ಬೇಕು? ಇಮೇಲ್‌ಗೆ ಒಂದು ಸರ್ವರ್, ಲೆಕ್ಕಪತ್ರಕ್ಕೆ ಒಂದು, ಹಾಜರಾತಿಗೆ ಇನ್ನೊಂದು ಎಂದು ಕಂಪನಿಗಳು ತಂದು ಪೇರಿಸಿದವು. ಎರಡು ಪ್ರೋಗ್ರಾಮ್ ಒಂದೇ ಯಂತ್ರದಲ್ಲಿ ಇಟ್ಟರೆ ಒಂದು ಕೆಟ್ಟಾಗ ಇನ್ನೊಂದನ್ನೂ ಎಳೆದುಕೊಂಡು ಬೀಳುತ್ತದೆ ಎನ್ನುವ ಭಯ. ಫಲವಾಗಿ ಬಹುಪಾಲು ಸರ್ವರ್‌ಗಳು ದಿನದ ಹೆಚ್ಚು ಹೊತ್ತು ಸುಮ್ನೆ ಕೂತಿರುತ್ತಿದ್ದವು. ಕರೆಂಟು ಮಾತ್ರ ಪೂರ್ತಿ ತಿನ್ನುತ್ತಿದ್ದವು, ಎಸಿ ಖರ್ಚು ಬೇರೆ.

ಇಲ್ಲೂ ಮೇನ್‌ಫ್ರೇಮ್ ಉಪಾಯ ಬಳಸೋಣ ಎಂದರೆ ಇಂಟೆಲ್ ಚಿಪ್ ಅದಕ್ಕೆ ಒಗ್ಗುತ್ತಿರಲಿಲ್ಲ. ಯಾಕೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿಂಡೋಸ್ ಅಥವಾ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಇಡೀ ಯಂತ್ರಕ್ಕೆ ತಾನೇ ಯಜಮಾನ ಎಂದುಕೊಂಡು ಕೆಲಸ ಮಾಡುತ್ತದೆ. ಅಂಥ ಹತ್ತು ಯಜಮಾನರನ್ನು ಒಂದೇ ಯಂತ್ರದಲ್ಲಿ ಕೂರಿಸಬೇಕಾದರೆ ಎಲ್ಲರ ಮೇಲೂ ಒಬ್ಬ ಮೇಲ್ವಿಚಾರಕ ಬೇಕು. ಅದಕ್ಕೆ ಹೈಪರ್‌ವೈಸರ್ ಎಂದು ಹೆಸರು. ಯಾವ ಸಿಸ್ಟಂ ಯಜಮಾನಿಕೆ ತೋರಿಸಲು ಹೋದರೂ ಚಿಪ್ ಅದನ್ನು ಅಲ್ಲೇ ತಡೆದು ಹೈಪರ್‌ವೈಸರ್‌ಗೆ ದೂರು ಕೊಡಬೇಕು. ಇಂಟೆಲ್ ಚಿಪ್‌ನಲ್ಲಿ ಇಂಥ 17 ಆದೇಶಗಳು ದೂರು ಕೊಡದೆ ಸದ್ದಿಲ್ಲದೆ ಬೇರೆ ಏನನ್ನೋ ಮಾಡಿಬಿಡುತ್ತಿದ್ದವು.

ಸ್ಟ್ಯಾನ್‌ಫರ್ಡ್‌ನ ಮೆಂಡೆಲ್ ರೋಸೆನ್‌ಬ್ಲಂ, ಅವರ ಪತ್ನಿ ಡಯೇನ್ ಗ್ರೀನ್ ಮತ್ತು ಇನ್ನೂ ಮೂವರು 1998ರಲ್ಲಿ ವಿಎಂವೇರ್ ಕಟ್ಟಿದ್ದೇ ಈ ತೊಡಕು ಬಿಡಿಸಲು. ಪ್ರೋಗ್ರಾಮ್ ಓಡುತ್ತಿರುವಾಗಲೇ ಆ ತುಂಟ ಆದೇಶಗಳನ್ನು ಗುರುತಿಸಿ, ಬದಲಿಗೆ ಸುರಕ್ಷಿತ ಆದೇಶಗಳನ್ನು ಬರೆದು ಓಡಿಸುವ ವಿಧಾನವನ್ನು ಅವರು ಕಂಡುಕೊಂಡರು. 2001ರಲ್ಲಿ ಸರ್ವರ್‌ಗಳಿಗೆಂದೇ ಇಎಸ್ಎಕ್ಸ್ ಎಂಬ ಸಾಫ್ಟ್‌ವೇರ್ ಬಂತು. ಹತ್ತು ಸರ್ವರ್ ಕೆಲಸ ಒಂದೇ ಸರ್ವರ್‌ಗೆ ಇಳಿಯಿತು.

ಮುಂದೆ ನಡೆದದ್ದು ಈಗಿನ ಜಗಳಕ್ಕೆ ಮುಖ್ಯ. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಚಿಪ್ ಒಳಗೇ ವರ್ಚುವಲೈಸೇಶನ್‌ಗೆ ಬೆಂಬಲ ಸೇರಿಸಿದವು. ಕಷ್ಟದ ಭಾಗ ಸುಲಭವಾಯಿತು. 2007ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೆವಿಎಂ ಎಂಬ ಹೈಪರ್‌ವೈಸರ್ ಸೇರಿತು, ಅದೂ ಪುಕ್ಕಟೆ. ಮೈಕ್ರೋಸಾಫ್ಟ್ 2008ರಲ್ಲಿ ಹೈಪರ್-ವಿ ತಂದಿತು. ಅಂದರೆ ಸುಮಾರು ಹದಿನೆಂಟು ವರ್ಷದಿಂದ ಗೋಡೆ ಕಟ್ಟುವ ವಿದ್ಯೆ ಯಾರಿಗೆ ಬೇಕಾದರೂ ಸಿಗುತ್ತಿದೆ. ವಿಎಂವೇರ್ ಅಂದಿನಿಂದ ಮಾರಿದ್ದು ಗೋಡೆಯನ್ನಲ್ಲ, ಕಟ್ಟಡದ ಉಸ್ತುವಾರಿಯನ್ನು.

ಆ ಉಸ್ತುವಾರಿ ಸಣ್ಣದಲ್ಲ. ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ವಿಮೋಶನ್ 2003ರಲ್ಲೇ ಬಂದಿತ್ತು. ಬಳಕೆದಾರರಿಗೆ ಗೊತ್ತೇ ಆಗದ ಹಾಗೆ ಯಂತ್ರ ಖಾಲಿ ಮಾಡಿ ರಿಪೇರಿಗೆ ಕೊಡಬಹುದು. ಸರ್ವರ್ ಸತ್ತರೆ ಅದರ ಮೇಲಿದ್ದ ಮಷೀನ್‌ಗಳು ಬೇರೆ ಕಡೆ ತಾವೇ ಎದ್ದು ನಿಲ್ಲುತ್ತವೆ. ಬ್ಯಾಕಪ್, ನೆಟ್‌ವರ್ಕ್, ಸ್ಟೋರೇಜ್, ಭದ್ರತೆ ಎಲ್ಲದರ ಸಾಫ್ಟ್‌ವೇರ್‌ಗಳೂ ಇದರ ಸುತ್ತಲೇ ಬೆಳೆದವು. ಎರಡು ದಶಕದ ರೂಢಿ, ತರಬೇತಿ, ಸ್ಕ್ರಿಪ್ಟ್‌ಗಳು ಇದಕ್ಕೆ ಅಂಟಿಕೊಂಡವು. ಪುಕ್ಕಟೆ ಕೆವಿಎಂ ಪಕ್ಕದಲ್ಲೇ ಇದ್ದರೂ ಜನ ಎದ್ದು ಹೋಗದಿರುವುದಕ್ಕೆ ಇದೇ ಕಾರಣ.

ವಠಾರದ ಬಾವಿ

ಹಳೇ ಮೈಸೂರಿನ ವಠಾರ ನೆನಪಿಸಿಕೊಳ್ಳಿ. ಮನೆಗಳು ಬೇರೆ, ಬೀಗ ಬೇರೆ, ಒಲೆ ಬೇರೆ. ಬಾವಿ ಮಾತ್ರ ಒಂದೇ. ಕಂಟೈನರ್ ಹಾಗೆ. ಇಲ್ಲಿ ಬಾವಿ ಅಂದರೆ ಕರ್ನಲ್, ಆಪರೇಟಿಂಗ್ ಸಿಸ್ಟಂನ ತಿರುಳು. ಒಂದು ಯಂತ್ರದಲ್ಲಿರುವ ಎಲ್ಲ ಕಂಟೈನರ್‌ಗಳೂ ಒಂದೇ ಕರ್ನಲ್‌ನಿಂದ ನೀರು ಸೇದುತ್ತವೆ. ವರ್ಚುವಲ್ ಮಷೀನ್ ಹಾಗಲ್ಲ. ಅಲ್ಲಿ ಪ್ರತಿ ಮನೆಗೂ ತನ್ನದೇ ಬೋರ್‌ವೆಲ್, ತನ್ನದೇ ಸಂಪು, ಮೇಲೆ ತನ್ನದೇ ಟ್ಯಾಂಕ್.

ಬೋರ್‌ವೆಲ್ ಕೊರೆಯುವುದು ಖರ್ಚಿನ ಬಾಬತ್ತು. ವರ್ಚುವಲ್ ಮಷೀನ್ (ವಿಎಂ) ಒಂದಕ್ಕೆ ಪೂರ್ತಿ ಆಪರೇಟಿಂಗ್ ಸಿಸ್ಟಂ ಬೇಕು. ಗಿಗಾಬೈಟ್‌ಗಟ್ಟಲೆ ಜಾಗ ಬೇಕು, ಎದ್ದು ಕೂರಲು ಸಮಯ ಬೇಕು. ಕಂಟೈನರ್‌ಗೆ ಅದ್ಯಾವುದೂ ಬೇಡ. ಪ್ರೋಗ್ರಾಮ್, ಅದಕ್ಕೆ ಬೇಕಾದ ಫೈಲ್‌ಗಳು ಇಷ್ಟನ್ನು ಬುತ್ತಿ ಕಟ್ಟಿದರೆ ಸಾಕು. ಒಂದೆರಡು ಸೆಕೆಂಡಿನಲ್ಲಿ ಓಡುತ್ತದೆ. ಒಂದೇ ಯಂತ್ರದಲ್ಲಿ ನೂರಾರು ಹಿಡಿಯುತ್ತವೆ.

ಇದರ ಬೇರುಗಳೂ ಹಳೆಯವೇ. ಯಾವ ಪ್ರೋಗ್ರಾಮ್ ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಎಂದು ಮಿತಿ ಹಾಕುವ ಸಿಗ್ರೂಪ್ ಎಂಬ ವ್ಯವಸ್ಥೆಯನ್ನು ಗೂಗಲ್ ಎಂಜಿನಿಯರ್‌ಗಳು 2006ರಲ್ಲಿ ಶುರು ಮಾಡಿದರು. 2008ರಲ್ಲಿ ಅದು ಲಿನಕ್ಸ್ ಕರ್ನಲ್ ಸೇರಿತು. ಆದರೆ ಬಳಸುವುದು ತಲೆನೋವಾಗಿತ್ತು. 2013ರಲ್ಲಿ ಬಂದ ಡಾಕರ್ ಅದನ್ನು ಒಂದು ಸಾಲಿನ ಆದೇಶಕ್ಕೆ ಇಳಿಸಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡ್ತಿತ್ತು, ಸರ್ವರ್‌ನಲ್ಲಿ ಯಾಕೋ ಓಡ್ತಿಲ್ಲ ಎನ್ನುವ ಪ್ರೋಗ್ರಾಮರ್‌ಗಳ ನಿತ್ಯದ ಗೋಳಿಗೆ ಮದ್ದು ಸಿಕ್ಕಿತು. 2014ರಲ್ಲಿ ಗೂಗಲ್ ಕುಬರ್ನೆಟಿಸ್ ಬಿಟ್ಟಿತು. ಸಾವಿರಾರು ಕಂಟೈನರ್‌ಗಳನ್ನು ಯಾವ ಯಂತ್ರದಲ್ಲಿ ಓಡಿಸಬೇಕು, ಸತ್ತರೆ ಎಬ್ಬಿಸುವವರು ಯಾರು ಎಂಬ ಉಸ್ತುವಾರಿ ಅದರದ್ದು.

ಗಮನಿಸಿ, ಕಂಟೈನರ್ ಗೆದ್ದದ್ದು ಗೋಡೆ ಗಟ್ಟಿ ಎಂದಲ್ಲ, ಬುತ್ತಿ ಕಟ್ಟುವುದು ಸುಲಭ ಎಂದು. ಈ ವ್ಯತ್ಯಾಸ ಮರೆತವರೇ ವಿಎಂ ಕಾಲ ಮುಗಿಯಿತು ಎಂದು ಸಾರಿದ್ದು. ತಮಾಷೆ ಏನೆಂದರೆ ವಿಂಡೋಸ್ ಅಥವಾ ಮ್ಯಾಕ್ ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿಕೊಂಡು ಲಿನಕ್ಸ್ ಕಂಟೈನರ್ ಓಡಿಸುವ ಪ್ರತಿಯೊಬ್ಬರೂ ತಮಗೆ ಗೊತ್ತಿಲ್ಲದೆ ಒಂದು ವರ್ಚುವಲ್ ಮಷೀನ್ ಓಡಿಸುತ್ತಿರುತ್ತಾರೆ. ಲಿನಕ್ಸ್ ಕಂಟೈನರ್‌ಗೆ ಲಿನಕ್ಸ್ ಬಾವಿಯೇ ಬೇಕು. ಆ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದಿಲ್ಲ. ಅದಕ್ಕಾಗಿ ಒಳಗೆ ಸಣ್ಣದೊಂದು ಲಿನಕ್ಸ್ ವಿಎಂ ಸದ್ದಿಲ್ಲದೆ ಎದ್ದು ಕೂರುತ್ತದೆ.

ಕ್ಲೌಡ್ ಒಳಗೆ ಇಣುಕಿದರೆ

ಅಮೆಜಾನ್ 2006ರಲ್ಲಿ ಇಸಿ2 ಶುರು ಮಾಡಿತು. ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ಸೇವೆ ಅದು. ಬಾಡಿಗೆಗೆ ಸಿಗುತ್ತಿದ್ದದ್ದು ಝೆನ್ ಎಂಬ ಹೈಪರ್‌ವೈಸರ್ ಮೇಲೆ ಕೂತ ವರ್ಚುವಲ್ ಮಷೀನ್. 2017ರಲ್ಲಿ ಅಮೆಜಾನ್ ತನ್ನದೇ ನೈಟ್ರೋ ವ್ಯವಸ್ಥೆ ತಂದಿತು. ಅದರ ಹೈಪರ್‌ವೈಸರ್‌ನ ತಿರುಳು ಅದೇ ಪುಕ್ಕಟೆ ಕೆವಿಎಂ. ಇವತ್ತು ಯಾರಾದರೂ ಅಮೆಜಾನ್‌ನಲ್ಲಿ ಕುಬರ್ನೆಟಿಸ್ ನಡೆಸುತ್ತೇವೆ ಎಂದರೆ ಸಾಮಾನ್ಯವಾಗಿ ಅವರ ಕಂಟೈನರ್‌ಗಳ ಕೆಳಗೆ ಇಸಿ2 ವಿಎಂಗಳು ಇರುತ್ತವೆ.

ಗೂಗಲ್ ಕಥೆ ಇನ್ನೂ ಮಜವಾಗಿದೆ. ಒಳಗಿನ ಕೆಲಸಗಳೆಲ್ಲ ಕಂಟೈನರ್‌ನಲ್ಲೇ ಓಡುತ್ತವೆ, ವಾರಕ್ಕೆ 200 ಕೋಟಿಗೂ ಹೆಚ್ಚು ಕಂಟೈನರ್ ಶುರು ಮಾಡುತ್ತೇವೆ ಎಂದು 2014ರಲ್ಲಿ ಅದು ಹೇಳಿತ್ತು. ಆದರೆ ಹೊರಗಿನ ಗ್ರಾಹಕರ ಪ್ರೋಗ್ರಾಮ್ ಓಡಿಸುವ ಮಾತು ಬಂದಾಗ? ಕೆಲಸಗಳನ್ನು ಯಂತ್ರಗಳಿಗೆ ಹಂಚುವ ಬೋರ್ಗ್ ಎಂಬ ತನ್ನ ವ್ಯವಸ್ಥೆಯ ಬಗ್ಗೆ 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಉತ್ತರ ಇದೆ. ಹೊರಗಿನವರ ಪ್ರತಿ ವಿಎಂ ಒಂದು ಕೆವಿಎಂ ಪ್ರಕ್ರಿಯೆ, ಆ ಪ್ರಕ್ರಿಯೆ ಬೋರ್ಗ್‌ನ ಒಂದು ಕೆಲಸ. ಅಂದರೆ ಗೂಗಲ್ ಕಂಟೈನರ್ ಒಳಗೆ ವಿಎಂ ಇಟ್ಟಿದೆ. ಗ್ರಾಹಕರು ಆ ವಿಎಂ ಒಳಗೆ ಮತ್ತೆ ಕಂಟೈನರ್ ಇಡುತ್ತಾರೆ. ಬುತ್ತಿ, ಗೋಡೆ, ಮತ್ತೆ ಬುತ್ತಿ.

ಮೂರು ಪ್ರಶ್ನೆಗಳೂ ಬೇರೆ ಬೇರೆ ಎನ್ನುವುದಕ್ಕೆ ಎದುರು ದಿಕ್ಕಿನ ಸಾಕ್ಷಿ 37ಸಿಗ್ನಲ್ಸ್ ಎಂಬ ಅಮೆರಿಕದ ಕಂಪನಿ. 2022ರಲ್ಲಿ ಕ್ಲೌಡ್‌ಗೆ 32 ಲಕ್ಷ ಡಾಲರ್ ಕಟ್ಟಿದೆವು ಎಂದು ಲೆಕ್ಕ ಹೊರಗಿಟ್ಟು ಅದು ತನ್ನ ಪ್ರೋಗ್ರಾಮ್‌ಗಳನ್ನು ಸ್ವಂತ ಸರ್ವರ್‌ಗಳಿಗೆ ಸಾಗಿಸಿತು. ಆದರೆ ಕಂಟೈನರ್ ಬಿಡಲಿಲ್ಲ. ಕ್ಲೌಡ್ ಇಲ್ಲದೆ ಕಂಟೈನರ್ ಇರಬಹುದು, ಕಂಟೈನರ್ ಇಲ್ಲದೆ ಕ್ಲೌಡ್ ಇರಬಹುದು.

ಗೋಡೆ ಎಷ್ಟು ಗಟ್ಟಿ?

ಹೊರಗಿನವರ ಪ್ರೋಗ್ರಾಮ್‌ಗೆ ಗೂಗಲ್ ವಿಎಂ ಯಾಕೆ ಹಾಕಿತು ಎನ್ನುವುದಕ್ಕೆ ಬಾವಿಯೇ ಉತ್ತರ. ಬಾವಿಗೆ ಒಬ್ಬ ವಿಷ ಹಾಕಿದರೆ ಇಡೀ ವಠಾರ ಮಲಗುತ್ತದೆ. ಲಿನಕ್ಸ್ ಕರ್ನಲ್‌ನಿಂದ ಪ್ರೋಗ್ರಾಮ್‌ಗಳು ಕೇಳಬಹುದಾದ ಸೇವೆಗಳು ಮುನ್ನೂರಕ್ಕೂ ಹೆಚ್ಚು. ಯಾವುದರಲ್ಲಿ ಬಿರುಕಿದ್ದರೂ ಕಂಟೈನರ್ ಒಳಗಿನವನು ಹೊರಗೆ ಬರಬಹುದು. 2019ರ ಫೆಬ್ರುವರಿಯಲ್ಲಿ, ಮತ್ತೆ 2024ರ ಜನವರಿಯಲ್ಲಿ ಇಂಥ ದೊಡ್ಡ ದೋಷಗಳು ಹೊರಬಂದವು. ಎರಡೂ ಇದ್ದದ್ದು ರನ್‌ಸಿ ಎಂಬ, ಡಾಕರ್ ಮತ್ತು ಕುಬರ್ನೆಟಿಸ್ ಎರಡೂ ನೆಚ್ಚಿಕೊಂಡಿರುವ ತುಣುಕಿನಲ್ಲಿ.

ಹಾಗಂತ ವಿಎಂ ಗೋಡೆ ಉಕ್ಕಿನದ್ದಲ್ಲ. 2015ರಲ್ಲಿ ಸಿಕ್ಕ ವೆನಮ್ ಎಂಬ ದೋಷ ಫ್ಲಾಪಿ ಡ್ರೈವ್‌ನ ನಕಲು ಕೋಡ್‌ನಲ್ಲಿತ್ತು. ಫ್ಲಾಪಿ ನೋಡಿಯೇ ಇರದ ಹುಡುಗರು ನಡೆಸುವ ಸರ್ವರ್‌ಗಳಲ್ಲಿ ಫ್ಲಾಪಿ ಡ್ರೈವ್ ಬಾಗಿಲು ತೆರೆದೇ ಇತ್ತು! 2023ರ ಫೆಬ್ರುವರಿಯಲ್ಲಿ ಅಪ್‌ಡೇಟ್ ಮಾಡದ ವಿಎಂವೇರ್ ಸರ್ವರ್‌ಗಳನ್ನು ಹುಡುಕಿ ಲಾಕ್ ಮಾಡಿ ಸುಲಿಗೆ ಕೇಳುವ ದಾಳಿ ಹಲವು ದೇಶಗಳಲ್ಲಿ ನಡೆಯಿತು. 2025ರ ಮಾರ್ಚ್‌ನಲ್ಲಿ ಮತ್ತೆ ಮೂರು ದೋಷಗಳು ಸಿಕ್ಕವು, ಅಷ್ಟರಲ್ಲಿ ಕಳ್ಳರು ಅವನ್ನು ಬಳಸಲು ಶುರು ಮಾಡಿಯಾಗಿತ್ತು. ಸಪೋರ್ಟ್ ಇಲ್ಲದೆ ನಡೆಸಲು ಕಂಪನಿಗಳು ಯಾಕೆ ಹೆದರುತ್ತವೆ ಎಂದು ಈಗ ಅರ್ಥವಾಗುತ್ತದೆ. ತೂಕ ಹಾಕಿದರೆ ವಿಎಂ ಗೋಡೆಯಲ್ಲಿ ಬಾಗಿಲು ಕಡಿಮೆ, ಅಷ್ಟೇ. ಕಡಿಮೆ ಬಾಗಿಲು ಕಾಯುವುದು ಸುಲಭ.

ಅಮೆಜಾನ್ ಮಾಡಿದ್ದು ನೋಡಿ. ಅದರ ಲ್ಯಾಂಬ್ಡಾ ಸೇವೆಯಲ್ಲಿ ಗ್ರಾಹಕರು ಸರ್ವರ್ ಬಗ್ಗೆ ಯೋಚಿಸಲೇಬೇಕಿಲ್ಲ, ಸಣ್ಣ ಕೋಡ್ ತುಣುಕು ಕೊಟ್ಟರೆ ಸಾಕು. ಹೊಸ ಕಾಲದ ಸೇವೆ ಎಂದರೆ ಇದೇ. ಒಂದೇ ಯಂತ್ರದಲ್ಲಿ ಪರಸ್ಪರ ಗುರುತಿಲ್ಲದ ಸಾವಿರಾರು ಜನರ ಕೋಡ್ ಓಡಬೇಕು. ಬರೀ ಕಂಟೈನರ್ ಗೋಡೆ ಸಾಲದು, ಪೂರ್ತಿ ವಿಎಂ ಭಾರ ಜಾಸ್ತಿ. ಆಗ ಫೈರ್‌ಕ್ರ್ಯಾಕರ್ ಎಂಬ ಪುಟಾಣಿ ವಿಎಂ ವ್ಯವಸ್ಥೆ ಕಟ್ಟಿ 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಫ್ಲಾಪಿಯಂಥ ಹಳೇ ಸಾಮಾನೆಲ್ಲ ಹೊರಗೆ. ಸುಮಾರು 125 ಮಿಲಿಸೆಕೆಂಡಿನಲ್ಲಿ ಏಳುತ್ತದೆ, ಪ್ರತಿ ವಿಎಂಗೆ ಹೆಚ್ಚುವರಿ ಮೆಮೊರಿ 5 ಮೆಗಾಬೈಟ್‌ನಷ್ಟು. ವಿಎಂ ನಿಧಾನ ಎನ್ನುವ ಹಳೇ ದೂರು ಅರ್ಧಕ್ಕರ್ಧ ಬಿದ್ದುಹೋಯಿತು.

ಕಂಟೈನರ್‌ಗೆ ಒಗ್ಗದ ಸಂಸಾರ

ಆಯ್ತು, ಟೆಸ್ಕೊ ತನ್ನ 40,000 ಕೆಲಸಗಳನ್ನು ಕಂಟೈನರ್‌ಗೆ ಹಾಕಿ ಉಚಿತ ಲಿನಕ್ಸ್ ಮೇಲೆ ಓಡಿಸಬಹುದಲ್ಲ? ಹೊಸದಾಗಿ ಬರೆದ ಪ್ರೋಗ್ರಾಮ್‌ಗಳಾದರೆ ಹೌದು. ತೊಂದರೆ ಹಳೆಯವುಗಳದ್ದು, ಮತ್ತು ದೊಡ್ಡ ಸಂಸ್ಥೆಗಳಲ್ಲಿ ಹಳೆಯವೇ ಜಾಸ್ತಿ.

ಕಂಟೈನರ್ ಲೋಕದ ನಂಬಿಕೆ ಒಂದೇ. ಯಾವ ಕ್ಷಣದಲ್ಲಿ ಬೇಕಾದರೂ ಸಾಯಬಹುದು, ಬೇರೆ ಕಡೆ ಮತ್ತೆ ಹುಟ್ಟಬಹುದು. ಪ್ರೋಗ್ರಾಮ್ ಅದಕ್ಕೆ ತಯಾರಿರಬೇಕು. ಹದಿನೈದು ವರ್ಷದ ಹಿಂದೆ ಬರೆದ ದಾಸ್ತಾನು ಸಾಫ್ಟ್‌ವೇರ್ ತಯಾರಿರುವುದಿಲ್ಲ. ಅದು ತನ್ನ ಐಪಿ ವಿಳಾಸ ಬದಲಾಗದು ಎಂದು ನಂಬಿದೆ. ಫೈಲ್‌ಗಳನ್ನು ತನ್ನದೇ ಡಿಸ್ಕ್‌ನಲ್ಲಿ ಬರೆದುಕೊಳ್ಳುತ್ತದೆ. ವಿಂಡೋಸ್ ಸರ್ವರ್‌ನ ಒಂದು ಹಳೇ ಆವೃತ್ತಿಯೇ ಬೇಕೆಂದು ಹಟ ಹಿಡಿಯುತ್ತದೆ. ಅದರ ಲೈಸೆನ್ಸ್ ಆ ಯಂತ್ರದ ಗುರುತಿಗೆ ಅಂಟಿಕೊಂಡಿದೆ. ಬರೆದವರು ಯಾವತ್ತೋ ಕೆಲಸ ಬಿಟ್ಟಿದ್ದಾರೆ. ಹೊರಗಿನಿಂದ ಕೊಂಡ ಸಾಫ್ಟ್‌ವೇರ್ ಆದರೆ ಮಾರಿದವರು ಇಂಥ ಹೈಪರ್‌ವೈಸರ್ ಮೇಲಿದ್ದರೆ ಮಾತ್ರ ನಮ್ಮ ಜವಾಬ್ದಾರಿ ಎಂದು ಬರೆದುಕೊಟ್ಟಿರುತ್ತಾರೆ. ಇವೆಲ್ಲವನ್ನೂ ವಿಎಂ ಏನೂ ಕೇಳದೆ ಹಾಗೇ ಮಡಿಲಿಗೆ ಹಾಕಿಕೊಳ್ಳುತ್ತದೆ. ಪ್ರೋಗ್ರಾಮ್‌ಗೆ ತಾನೊಂದು ನಿಜವಾದ ಯಂತ್ರದಲ್ಲಿದ್ದೇನೆ ಎನ್ನುವ ಭ್ರಮೆ ಮುರಿಯುವುದಿಲ್ಲ.

ಕುಬರ್ನೆಟಿಸ್ ಮೇಲೆ ಡೇಟಾಬೇಸ್ ನಡೆಸುವವರೂ ಈಗ ಇದ್ದಾರೆ, ಅದಕ್ಕೆ ಒಳ್ಳೆಯ ಸಲಕರಣೆಗಳೂ ಬಂದಿವೆ. ಅಸಾಧ್ಯವೇನಲ್ಲ. ಆದರೆ ಸರಿಯಾಗಿ ನಡೆಯುತ್ತಿರುವ ಸಾವಿರ ಪ್ರೋಗ್ರಾಮ್‌ಗಳನ್ನು ಮತ್ತೆ ಬರೆಸಲು ಯಾವ ಹಣಕಾಸು ಅಧಿಕಾರಿ ಸಹಿ ಹಾಕುತ್ತಾರೆ?

ಬಿಲ್ ಲೆಕ್ಕ ಹಾಕೋಣ

ಮೊದಲು ಲೈಸೆನ್ಸ್ ಸಿಪಿಯು ಲೆಕ್ಕದಲ್ಲಿತ್ತು. ಒಂದು ಸಿಪಿಯು ಒಳಗೆ ಕೆಲಸ ಮಾಡುವ ಹಲವು ಘಟಕಗಳಿರುತ್ತವೆ, ಅವಕ್ಕೆ ಕೋರ್ ಎಂದು ಹೆಸರು. 32 ಕೋರ್‌ವರೆಗಿನ ಒಂದು ಸಿಪಿಯುಗೆ ಒಂದು ಲೈಸೆನ್ಸ್, ಒಮ್ಮೆ ಕೊಂಡು ಆಮೇಲೆ ವರ್ಷವರ್ಷ ಸಪೋರ್ಟ್ ಶುಲ್ಕ. ಈಗ ಪ್ರತಿ ಕೋರ್‌ಗೂ ವರ್ಷಕ್ಕಿಷ್ಟು ಎಂದು ಚಂದಾ. ವಿಎಂವೇರ್ ಕ್ಲೌಡ್ ಫೌಂಡೇಶನ್ ಎಂಬ ದೊಡ್ಡ ಪ್ಯಾಕೇಜ್‌ನ ಪಟ್ಟಿ ಬೆಲೆ ಕೋರ್ ಒಂದಕ್ಕೆ ವರ್ಷಕ್ಕೆ 350 ಡಾಲರ್ ಎಂದು ಬ್ರಾಡ್‌ಕಾಮ್ ಇಟ್ಟಿತು.

ತಲಾ 32 ಕೋರ್‌ನ ಎರಡು ಸಿಪಿಯು ಇರುವ ಒಂದು ಸರ್ವರ್ ಅಂದರೆ 64 ಕೋರ್. ವರ್ಷಕ್ಕೆ 22,400 ಡಾಲರ್. ಇಂಥ ಮೂರು ಸರ್ವರ್ ಇದ್ದರೆ 67,200. ಡಾಲರ್‌ಗೆ 85 ರೂಪಾಯಿ ಎಂದರೂ ಸುಮಾರು 57 ಲಕ್ಷ ರೂಪಾಯಿ, ಪ್ರತಿ ವರ್ಷ. ಸರ್ವರ್‌ಗಳ ಬೆಲೆ ಇದರಲ್ಲಿ ಇಲ್ಲ. ಇದು ಪಟ್ಟಿ ಬೆಲೆ, ಚೌಕಾಸಿ ಮಾಡಿದರೆ ಇಳಿಯುತ್ತದೆ, ಚಿಕ್ಕ ಪ್ಯಾಕೇಜ್‌ಗಳೂ ಇವೆ. ಆದರೂ ಮೂರು ಸರ್ವರ್‌ನ ಸಂಸ್ಥೆಗೆ ಚೌಕಾಸಿ ಮಾಡುವ ತಾಕತ್ತು ಎಷ್ಟಿರುತ್ತದೆ ಹೇಳಿ.

ಇನ್ನೊಂದು ಒಳಸುಳಿ ಇದೆ. ಸಿಪಿಯು ಒಂದಕ್ಕೆ ಕನಿಷ್ಠ 16 ಕೋರ್‌ಗೆ ದುಡ್ಡು ಕಟ್ಟಲೇಬೇಕು. 8 ಕೋರ್‌ನ ಹಳೇ ಸಿಪಿಯು ಇದ್ದವರಿಗೆ ಇಲ್ಲದ 8 ಕೋರ್‌ಗೂ ಬಿಲ್. ದೊಡ್ಡವರಿಗೆ ಬೇರೆ ತೊಂದರೆ. ಚಿಪ್ ಕಂಪನಿಗಳು ವರ್ಷ ಕಳೆದಂತೆ ಒಂದೇ ಸಿಪಿಯುನಲ್ಲಿ 64, 96, 128 ಕೋರ್ ತುಂಬುತ್ತಿವೆ. ಸರ್ವರ್ ಎಣಿಕೆ ಕಡಿಮೆ ಮಾಡಿದರೂ ಕೋರ್ ಎಣಿಕೆ ಇಳಿಯುವುದಿಲ್ಲ, ಬಿಲ್ಲೂ ಇಳಿಯುವುದಿಲ್ಲ.

ಯಾರ ಮಾತು ಏನು

ಬ್ರಾಡ್‌ಕಾಮ್ ವಾದ ಪೂರ್ತಿ ಪೊಳ್ಳಲ್ಲ. ದೊಡ್ಡ ಪ್ಯಾಕೇಜ್‌ನ ಬೆಲೆಯನ್ನು ನಾವು ಅರ್ಧಕ್ಕೆ ಇಳಿಸಿದ್ದೇವೆ, ಮೊದಲು 700 ಡಾಲರ್ ಇತ್ತು ಎನ್ನುತ್ತದೆ. ಅದರಲ್ಲಿ ಹೈಪರ್‌ವೈಸರ್ ಜೊತೆ ಸ್ಟೋರೇಜ್, ನೆಟ್‌ವರ್ಕ್, ಕುಬರ್ನೆಟಿಸ್ ಎಲ್ಲ ಸೇರಿದೆ. ಎಲ್ಲವನ್ನೂ ಬಳಸುವವರಿಗೆ ಇದು ನಿಜಕ್ಕೂ ಅಗ್ಗ. ಸಾರ್ವಜನಿಕ ಕ್ಲೌಡ್‌ಗೆ ಹೋಗಿ ಕೈ ಸುಟ್ಟುಕೊಂಡವರು ಸ್ವಂತ ಡೇಟಾ ಸೆಂಟರ್‌ಗೆ ಮರಳುತ್ತಿದ್ದಾರೆ ಎನ್ನುವುದು ಮುಖ್ಯಸ್ಥ ಹಾಕ್ ಟಾನ್ ಮಾತು. ತನ್ನ ಅತಿ ದೊಡ್ಡ 10,000 ಗ್ರಾಹಕರಲ್ಲಿ ಶೇ 87ಕ್ಕೂ ಹೆಚ್ಚು ಮಂದಿ ಈ ಪ್ಯಾಕೇಜ್ ತೆಗೆದುಕೊಂಡಿದ್ದಾರೆ ಎಂದು 2025ರ ಜೂನ್‌ನಲ್ಲಿ ಕಂಪನಿ ಹೇಳಿತು. ಒಪ್ಪಿ ತೆಗೆದುಕೊಂಡರೋ ಬೇರೆ ದಾರಿ ಇಲ್ಲದೆ ತೆಗೆದುಕೊಂಡರೋ, ಸಂಖ್ಯೆ ಅದನ್ನು ಹೇಳುವುದಿಲ್ಲ.

ಎರಡು ಇಡ್ಲಿ ಸಾಕು ಎಂದವರಿಗೂ ಫುಲ್ ಮೀಲ್ಸ್ ಟೋಕನ್ ಮಾತ್ರ ಕೊಡುತ್ತಿದ್ದಾರೆ, ಇದು ಗ್ರಾಹಕರ ದೂರು. ಯುರೋಪಿನ ಕ್ಲೌಡ್ ಕಂಪನಿಗಳ ಸಂಘ ಸಿಸ್ಪೆ, ಬ್ರಾಡ್‌ಕಾಮ್-ವಿಎಂವೇರ್ ವ್ಯವಹಾರಕ್ಕೆ ಐರೋಪ್ಯ ಆಯೋಗ ಕೊಟ್ಟ ಒಪ್ಪಿಗೆಯನ್ನೇ ರದ್ದು ಮಾಡಿ ಎಂದು 2025ರಲ್ಲಿ ಅಲ್ಲಿನ ಕೋರ್ಟಿಗೆ ಹೋಯಿತು.

ಕ್ಲೌಡ್ ಮಾರುವವರು ಈ ಸಮಯ ನೋಡಿ ನಮ್ಮಲ್ಲಿಗೆ ಬನ್ನಿ ಎನ್ನುತ್ತಾರೆ. ವಿಎಂಗಳನ್ನು ಹೇಗಿವೆಯೋ ಹಾಗೇ ಎತ್ತಿ ಕ್ಲೌಡ್‌ಗೆ ಹಾಕಿದರೆ ಸಿಗುವುದು ಮತ್ತದೇ ವಿಎಂ, ಜೊತೆಗೆ ತಿಂಗಳ ಬಾಡಿಗೆ. ಹಗಲು ರಾತ್ರಿ ಒಂದೇ ಸಮ ಓಡುವ ಕೆಲಸಗಳಿಗೆ ಬಾಡಿಗೆ ದುಬಾರಿ. ದಸರಾ, ದೀಪಾವಳಿ ಸೇಲ್‌ನಂತೆ ಏರಿಳಿಯುವ ಕೆಲಸಗಳಿಗೆ ಲಾಭ. ಈ ವಿಂಗಡಣೆ ಮಾಡದೆ ಹೋದವರೇ ಆಮೇಲೆ ಬಿಲ್ ನೋಡಿ ಬೆಚ್ಚಿಬೀಳುವುದು.

ಮೂರನೇ ಗುಂಪು ಕುತೂಹಲದ್ದು. ವಿಎಂ ಬಿಡಬೇಡಿ, ಆದರೆ ಅದನ್ನೂ ಕುಬರ್ನೆಟಿಸ್ ಕೈಗೇ ಕೊಡಿ ಎನ್ನುತ್ತಾರೆ ಇವರು. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ 2016ರ ಕೊನೆಯಲ್ಲಿ ಶುರು ಮಾಡಿದ ಕುಬ್‌ವರ್ಟ್ 2023ರ ಜುಲೈನಲ್ಲಿ 1.0 ಆವೃತ್ತಿ ಮುಟ್ಟಿತು. ಅದರಲ್ಲಿ ವಿಎಂ ಅಂದರೆ ಕುಬರ್ನೆಟಿಸ್ ಒಳಗಿನ ಒಂದು ಕೆವಿಎಂ ಪ್ರಕ್ರಿಯೆ. ಗೂಗಲ್ ಬೋರ್ಗ್‌ನಲ್ಲಿ ಮಾಡಿದ್ದೂ ಇದನ್ನೇ ಅಲ್ವಾ? ಹಳೇ ಪ್ರೋಗ್ರಾಮ್ ವಿಎಂನಲ್ಲಿ, ಹೊಸದು ಕಂಟೈನರ್‌ನಲ್ಲಿ, ಉಸ್ತುವಾರಿ ಒಂದೇ. ಕಾಗದದ ಮೇಲೆ ಇದು ಬಲು ಚೆಂದ. ಆದರೆ ವಿಎಂವೇರ್ ಬಲ್ಲ ಸಿಬ್ಬಂದಿ ಕುಬರ್ನೆಟಿಸ್ ಕಲಿಯಬೇಕು, ಅದು ಒಂದು ವಾರದ ಮಾತಲ್ಲ. ಅಷ್ಟು ತಲೆಬಿಸಿ ಬೇಡ ಎಂದವರು ನೂಟಾನಿಕ್ಸ್‌, ಹೈಪರ್-ವಿ, ವಿಯೆನ್ನಾದಲ್ಲಿ ಹುಟ್ಟಿದ ಪ್ರಾಕ್ಸ್‌ಮಾಕ್ಸ್ ಕಡೆ ನೋಡುತ್ತಿದ್ದಾರೆ. ನೂಟಾನಿಕ್ಸ್ ಮತ್ತು ಪ್ರಾಕ್ಸ್‌ಮಾಕ್ಸ್ ಎರಡರ ಅಡಿಯಲ್ಲೂ ಇರುವುದು ಕೆವಿಎಂ.

ನಮ್ಮ ಕಡೆ ಇದರ ಬಿಸಿ

ಬೆಂಗಳೂರಿಗೆ ಇದು ದೂರದ ಜಗಳವಲ್ಲ. ಅಮೆರಿಕದ ಹೊರಗೆ ವಿಎಂವೇರ್‌ನ ದೊಡ್ಡ ಕೇಂದ್ರಗಳಲ್ಲಿ ಒಂದು ಇಲ್ಲೇ ಬೆಳೆದದ್ದು. ಹೊರದೇಶದ ಕಂಪನಿಗಳ ಸರ್ವರ್ ನೋಡಿಕೊಳ್ಳುವ ಸಾವಿರಾರು ಎಂಜಿನಿಯರ್‌ಗಳ ಹೊಟ್ಟೆಪಾಡು ವಿಎಂವೇರ್ ವಿದ್ಯೆಯ ಮೇಲಿದೆ. ಗ್ರಾಹಕ ಕಂಪನಿ ವಿಎಂವೇರ್ ಬಿಟ್ಟರೆ ಸಾಗಾಟದ ಕೆಲಸ ಇವರ ಮೇಜಿಗೆ ಬರುತ್ತದೆ. ಸಾಗಾಟ ಮುಗಿದ ಮೇಲೆ ಬೇಕಾಗುವುದು ಕೆವಿಎಂ, ಲಿನಕ್ಸ್, ಕುಬರ್ನೆಟಿಸ್ ಬಲ್ಲವರು. ಬರೀ ಒಂದು ಕಂಪನಿಯ ಸರ್ಟಿಫಿಕೇಟ್ ನಂಬಿಕೊಂಡವರಿಗೆ ಕಷ್ಟ. ವರ್ಚುವಲೈಸೇಶನ್ ಹೇಗೆ ನಡೆಯುತ್ತದೆ ಎಂದು ಬುಡದಿಂದ ಬಲ್ಲವರಿಗೆ ಬೇಡಿಕೆ.

ನಮ್ಮ ದೇಶದಲ್ಲಿ ಎಲ್ಲವನ್ನೂ ಕ್ಲೌಡ್‌ಗೆ ಎತ್ತಿಹಾಕಲು ನಿಯಮದ ತೊಡಕುಗಳೂ ಇವೆ. ಪಾವತಿಗೆ ಸಂಬಂಧಿಸಿದ ಮಾಹಿತಿ ಭಾರತದಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿತು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂರಕ್ಕೂ ಇಲ್ಲೇ ಡೇಟಾ ಸೆಂಟರ್ ಇರುವುದರಿಂದ ಆ ತೊಡಕು ಅಷ್ಟು ದೊಡ್ಡದಲ್ಲವಾದರೂ ಬ್ಯಾಂಕ್‌ಗಳು, ಸರ್ಕಾರಿ ಇಲಾಖೆಗಳು ಮುಖ್ಯ ಕೆಲಸಗಳನ್ನು ತಮ್ಮ ಕಣ್ಣಳತೆಯಲ್ಲೇ ಇಟ್ಟುಕೊಳ್ಳಲು ಬಯಸುತ್ತವೆ. ಅಂಥ ಕಡೆ ವಿಎಂ ಇನ್ನೂ ಬಹುಕಾಲ ಇರುತ್ತದೆ. ಯಾರ ವಿಎಂ ಎನ್ನುವುದಷ್ಟೇ ಪ್ರಶ್ನೆ.

ಕಾಲೇಜು ಲ್ಯಾಬ್‌ಗಳಿಗೂ ಪೆಟ್ಟು ಬಿತ್ತು. ಪುಕ್ಕಟೆ ಸಿಗುತ್ತಿದ್ದ ಇಎಸ್ಎಕ್ಸ್ಐ, ಅಂದರೆ ಇಎಸ್ಎಕ್ಸ್‌ನ ಈಗಿನ ರೂಪ, 2024ರ ಫೆಬ್ರುವರಿಯಲ್ಲಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಆ ಒಂದು ವರ್ಷದಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿಕೊಂಡು ಕಲಿತ ಹುಡುಗರು ನಾಳೆ ಯಾವುದನ್ನು ಕೊಳ್ಳಿ ಎಂದು ತಮ್ಮ ಕಂಪನಿಗೆ ಹೇಳುತ್ತಾರೆ?

ಗಡಿಯಾರ ಯಾರಿಗೂ ಕಾಯುತ್ತಿಲ್ಲ

ಎದ್ದು ಹೋಗುವುದಾದರೆ ಎಷ್ಟು ದಿನ ಬೇಕು? 2,000ಕ್ಕಿಂತ ಹೆಚ್ಚು ವಿಎಂ ಇರುವ ಸಂಸ್ಥೆಗೆ 18ರಿಂದ 48 ತಿಂಗಳು ಎನ್ನುವುದು ತಂತ್ರಜ್ಞಾನ ಸಲಹಾ ಸಂಸ್ಥೆ ಗಾರ್ಟ್ನರ್‌ನ ಅಂದಾಜು. ವಿಎಂ ಒಂದಕ್ಕೆ 300ರಿಂದ 3,000 ಡಾಲರ್ ಖರ್ಚು. ಡಿಸ್ಕ್ ಫೈಲ್ ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಿಸುವುದು ಇದರಲ್ಲಿ ಸುಲಭದ ಭಾಗ, ಗಂಟೆಗಳ ಕೆಲಸ. ಬ್ಯಾಕಪ್, ನೆಟ್‌ವರ್ಕ್, ಭದ್ರತೆ ನಿಯಮಗಳನ್ನು ಹೊಸ ಕಡೆ ಮತ್ತೆ ಕಟ್ಟುವುದು, ಪ್ರತಿ ಪ್ರೋಗ್ರಾಮ್ ಪರೀಕ್ಷಿಸುವುದು, ಮಾರಿದವರಿಂದ ಒಪ್ಪಿಗೆ ಪಡೆಯುವುದೇ ತಿಂಗಳುಗಟ್ಟಲೆ ತಿನ್ನುತ್ತದೆ.

ಹೀಗಾಗಿ ಹೆಚ್ಚಿನ ದೊಡ್ಡ ಸಂಸ್ಥೆಗಳು ಮಾಡುತ್ತಿರುವುದು ನಡುದಾರಿ. ಈ ಸಲ ಚಂದಾ ಕಟ್ಟಿಬಿಡುವುದು, ಆ ಅವಧಿಯಲ್ಲಿ ಆದಷ್ಟು ವಿಎಂಗಳನ್ನು ಬೇರೆ ಕಡೆ ಸಾಗಿಸುವುದು, ಹೊಸ ಪ್ರೋಗ್ರಾಮ್‌ಗಳನ್ನು ಮೊದಲಿನಿಂದಲೇ ಕಂಟೈನರ್‌ಗೆ ಬರೆಯುವುದು. ಮುಂದಿನ ಸಲ ಕಡಿಮೆ ಕೋರ್‌ಗೆ ಬಿಲ್ ಬರಲಿ ಎಂಬ ಲೆಕ್ಕಾಚಾರ. ಬ್ರಾಡ್‌ಕಾಮ್‌ಗೂ ಇದು ಗೊತ್ತು. ಅದು ಗಮನ ಇಟ್ಟಿರುವುದು ಬಿಟ್ಟುಹೋಗಲು ತೀರಾ ಕಷ್ಟ ಇರುವ ದೊಡ್ಡವರ ಮೇಲೆ. ಸಣ್ಣವರು ಹೋದರೆ ಹೋಗಲಿ ಎಂಬ ಧೋರಣೆ ಅದರ ಕನಿಷ್ಠ ಕೋರ್ ನಿಯಮಗಳಲ್ಲೇ ಕಾಣುತ್ತದೆ.

ವಿಎಂವೇರ್‌ನ ವಿಸ್ಪಿಯರ್ ಎಂಬ ವರ್ಚುವಲೈಸೇಶನ್ ಸಾಫ್ಟ್‌ವೇರ್‌ನ ಬಹುಬಳಕೆಯ 7ನೇ ಆವೃತ್ತಿಗೆ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಅದರ ಮುಂದಿನ 8ನೇ ಆವೃತ್ತಿಯದ್ದು 2027ರ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ. ನಡುವೆ ಇರುವುದು 24 ತಿಂಗಳು. ಗಾರ್ಟ್ನರ್ ಹೇಳಿದ 48 ತಿಂಗಳ ಗುಂಪಿಗೆ ಸೇರುವ ಸಂಸ್ಥೆ 7ರ ಸಪೋರ್ಟ್ ಮುಗಿದ ದಿನವೇ ಗಂಟುಮೂಟೆ ಕಟ್ಟಲು ಶುರು ಮಾಡಿದ್ದರೂ 8ರ ಗಡುವು ಬರುವ ಹೊತ್ತಿಗೆ ಅರ್ಧ ದಾರಿಯಲ್ಲಿರುತ್ತದೆ. ಉಳಿದ ಅರ್ಧಕ್ಕೆ ಮತ್ತೆ ಚಂದಾ.